ಗಣಿತಾಚಾರ್ಯ ಮಹಾವೀರ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ ಎಂಬ ಬೆಟ್ಟವಿದೆ. ಅಲ್ಲಿಯ ಬಂಡೆಯೊಂದರ ಮೇಲೆ ಮೌರ್ಯ ಚಕ್ರವರ್ತಿ ಅಶೋಕನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಬರೆಸಿದ ಧರ್ಮಲಿಪಿಯನ್ನು ಇಂದಿಗೂ ಕಾಣಬಹುದು. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಈ ಶಾಸನದಲ್ಲಿ ಧರ್ಮೋಪದೇಶದ ಜೊತೆಗೆ ಒಂದು ಸಂಖ್ಯೆಯೂ ಇದೆ. ಅದು ೨೫೬. ಅಶೋಕನು ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆ ಅದೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಈ ಸಂಖ್ಯೆಯನ್ನು ಬರೆದ ಚಪಡನೆಂಬ ಲಿಪಿಕಾರನು ಇಂದಿನ ವಿದ್ಯಾರ್ಥಿಯಂತೆ ಎರಡು, ಐದು, ಆರು ಎಂಬ ಅಂಕಗಳನ್ನು ಸಾಲಾಗಿ ಬರೆಯಲಿಲ್ಲ. ಇನ್ನೂರಕ್ಕೆ ಒಂದು ಚಿಹ್ನೆ, ಐವತ್ತಕ್ಕೆ ಇನ್ನೊಂದು, ಆರಕ್ಕೆ ಮತ್ತೊಂದು, ಹೀಗೆ ಮೂರು ಬೇರೆ ಬೇರೆ ಚಿಹ್ನೆಗಳನ್ನು ಬಳಸಿದನು. ಆ ಪದ್ಧತಿಯಲ್ಲಿ ಅಂಕವು ನಿಂತ ಸ್ಥಾನಕ್ಕೆ ಬೆಲೆಯಿರಲಿಲ್ಲ. ಸೊನ್ನೆಯ ಚಿಹ್ನೆಯೂ ಇರಲಿಲ್ಲ.

ಇದಾದ ಸುಮಾರು ಸಾವಿರದ ನೂರು ವರ್ಷಗಳ ಬಳಿಕ ಗಣಿತಗ್ರಂಥವೊಂದರಲ್ಲಿ ಅಪೂರ್ವವಾದ ಒಂದು ಸಂಖ್ಯೆ ಕಾಣಿಸಿಕೊಂಡಿತು. ಅದು ಒಂದರಿಂದ ಆರಂಭವಾಗಿ ಆರರವರೆಗೆ ಏರಿ, ಮತ್ತೆ ಅದೇ ಕ್ರಮದಲ್ಲಿ ಒಂದಕ್ಕೆ ಇಳಿಯುತ್ತದೆ. ಅಂಕಗಳಲ್ಲಿ ಬರೆದರೆ ಅದು ೧೨೩೪೫೬೫೪೩೨೧. ಎಡದಿಂದ ಓದಿದರೂ ಬಲದಿಂದ ಓದಿದರೂ ಅದು ಒಂದೇ. ಬ್ರಹ್ಮಗಿರಿಯ ಲಿಪಿಕಾರನ ಪದ್ಧತಿಯಲ್ಲಿ ಇಂತಹ ಸಂಖ್ಯೆಯ ಸೊಬಗು ಕಣ್ಣಿಗೆ ಕಾಣುವಂತೆಯೇ ಇರಲಿಲ್ಲ. ಹತ್ತೇ ಅಂಕಗಳಿಂದ ಎಷ್ಟು ದೊಡ್ಡ ಸಂಖ್ಯೆಯನ್ನಾದರೂ ಬರೆಯುವ ಸ್ಥಾನಪದ್ಧತಿಯು ಭಾರತದಲ್ಲಿ ರೂಪುಗೊಂಡ ಮೇಲೆ ಮಾತ್ರ ಅದು ಸಾಧ್ಯವಾಯಿತು. ಆ ಪದ್ಧತಿಯ ಬಲವನ್ನಷ್ಟೇ ಅಲ್ಲದೆ ಅದರ ಚೆಲುವನ್ನೂ ಕಂಡು ಲೋಕಕ್ಕೆ ತೋರಿದವರು ಮಹಾವೀರಾಚಾರ್ಯರು.

ಮಹಾವೀರಾಚಾರ್ಯರು ಬದುಕಿದ್ದುದು ಕ್ರಿಸ್ತಶಕ ಒಂಬತ್ತನೆಯ ಶತಮಾನದಲ್ಲಿ. ಅದು ಕರ್ನಾಟಕದ ಇತಿಹಾಸದಲ್ಲಿ ವೈಭವದ ಕಾಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ೮೧೪ರಿಂದ ೮೭೮ರವರೆಗೆ, ಅರವತ್ತನಾಲ್ಕು ವರ್ಷಗಳ ಕಾಲ ರಾಜ್ಯವಾಳಿದನು. ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ಅವನ ರಾಜಧಾನಿಯಾದ ಮಾನ್ಯಖೇಟ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗವು ಅವನ ಆಸ್ಥಾನದಲ್ಲಿ ಹುಟ್ಟಿತು. ಆದಿಪುರಾಣವನ್ನು ರಚಿಸಿದ ಜಿನಸೇನಾಚಾರ್ಯರು, ವ್ಯಾಕರಣವನ್ನು ಬರೆದ ಶಾಕಟಾಯನ ಮೊದಲಾದ ವಿದ್ವಾಂಸರು ಅವನ ಕಾಲದವರು. ಕಾವ್ಯ, ವ್ಯಾಕರಣ, ಧರ್ಮಶಾಸ್ತ್ರಗಳು ಬೆಳೆದ ಆ ನೆಲದಲ್ಲಿ ಗಣಿತವೂ ಬೆಳೆಯಿತು.

ಆ ಕಾಲದಲ್ಲಿ ಚಿತ್ರದುರ್ಗದ ಸೀಮೆಯಲ್ಲಿ ನೊಳಂಬರು ಸಾಮಂತರಾಗಿ ಆಳುತ್ತಿದ್ದರು. ಇಂದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂದು ಕರೆಯುವ ಪ್ರದೇಶಗಳ ಬಹುಭಾಗವು ಶಾಸನಗಳಲ್ಲಿ ನೊಳಂಬವಾಡಿ ಮೂವತ್ತೆರಡು ಸಾಸಿರವೆಂದು ಹೆಸರಾದ ನಾಡಿಗೆ ಸೇರಿತ್ತು. ನೆರೆಯ ನಾಡುಗಳಿಗೂ ಗಂಗವಾಡಿ ತೊಂಬತ್ತಾರು ಸಾಸಿರ, ಬನವಾಸಿ ಹನ್ನೆರಡು ಸಾಸಿರ ಎಂಬ ಹೆಸರುಗಳಿದ್ದವು. ಈ ಸಂಖ್ಯೆಗಳು ಹಳ್ಳಿಗಳ ಲೆಕ್ಕವೋ, ಹುಟ್ಟುವಳಿಯ ಲೆಕ್ಕವೋ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಆದರೆ ನಾಡಿನ ಹೆಸರಿನಲ್ಲಿಯೇ ದೊಡ್ಡ ಸಂಖ್ಯೆಯನ್ನು ಸೇರಿಸಿಕೊಂಡಿದ್ದ ಜನ ಅವರು ಎಂಬುದರಲ್ಲಿ ಸಂದೇಹವಿಲ್ಲ. ಭೂಮಿಯ ಅಳತೆ, ಧಾನ್ಯದ ಅಳತೆ, ಚಿನ್ನದ ತೂಕ, ಸುಂಕದ ವಸೂಲಿ, ಕೆರೆಯ ಅಗೆತ, ಇವೆಲ್ಲಕ್ಕೂ ಲೆಕ್ಕ ಬಲ್ಲವರು ಬೇಕಾಗಿದ್ದರು. ಮಹಾವೀರಾಚಾರ್ಯರ ಗ್ರಂಥದಲ್ಲಿ ಈ ಎಲ್ಲ ವ್ಯವಹಾರಗಳಿಗೂ ಸ್ಥಾನವಿದೆ.

ಇಷ್ಟು ದೊಡ್ಡ ಗಣಿತಜ್ಞರಾದರೂ ಆಚಾರ್ಯರು ತಮ್ಮ ವಿಷಯವಾಗಿ ಏನನ್ನೂ ಹೇಳಿಕೊಂಡಿಲ್ಲ. ತಾವು ಹುಟ್ಟಿದ ಊರು ಯಾವುದು, ತಾಯಿತಂದೆಯರು ಯಾರು, ಯಾರ ಬಳಿ ವಿದ್ಯೆ ಕಲಿತರು ಎಂಬ ಯಾವ ಸಂಗತಿಯನ್ನೂ ಗ್ರಂಥದಲ್ಲಿ ಬರೆದಿಟ್ಟಿಲ್ಲ. ಗ್ರಂಥದ ಆರಂಭದಲ್ಲಿ ಅವರು ತಮ್ಮದೇ ಹೆಸರಿನ ತೀರ್ಥಂಕರನಾದ ವರ್ಧಮಾನ ಮಹಾವೀರನಿಗೆ ವಂದಿಸಿ, ಅನಂತರ ನೃಪತುಂಗನ ಆಳ್ವಿಕೆಯನ್ನು ಹೊಗಳಿದ್ದಾರೆ. ಅವರು ಜೈನಧರ್ಮದವರು, ಅಮೋಘವರ್ಷನ ಕಾಲದವರು ಎಂಬ ಎರಡು ಸಂಗತಿಗಳು ಇದರಿಂದ ತಿಳಿಯುತ್ತವೆ. ಉಳಿದಂತೆ ಅವರ ಬದುಕೆಂದರೆ ಅವರ ಗ್ರಂಥವೇ. ತಾವು ಹೊಸದೇನನ್ನೋ ಸೃಷ್ಟಿಸಿದೆವೆಂಬ ಹೆಮ್ಮೆ ಅವರಲ್ಲಿಲ್ಲ. ಹಿಂದಿನ ಆಚಾರ್ಯರ ಜ್ಞಾನವೆಂಬ ಕಡಲಿನಿಂದ ಸಾರವಾದುದನ್ನು ಆಯ್ದು ತಂದಿರುವುದಾಗಿ ಅವರು ವಿನಯದಿಂದ ತಿಳಿಸುತ್ತಾರೆ. ಅವರ ಗ್ರಂಥದ ಹೆಸರು ಗಣಿತಸಾರಸಂಗ್ರಹ.

ಜೈನ ವಿದ್ವಾಂಸರಿಗೆ ದೊಡ್ಡ ಸಂಖ್ಯೆಗಳೊಡನೆ ಹಿಂದಿನಿಂದಲೂ ನಂಟಿತ್ತು. ಲೋಕದ ವಿಸ್ತಾರವನ್ನೂ ಕಾಲದ ಹರವನ್ನೂ ವರ್ಣಿಸುವಾಗ ಅವರು ಸಾಮಾನ್ಯರ ಎಣಿಕೆಗೆ ನಿಲುಕದ ಸಂಖ್ಯೆಗಳನ್ನು ಬಳಸುತ್ತಿದ್ದರು. ಎಣಿಸಬಹುದಾದುದು ಸಂಖ್ಯಾತ, ಎಣಿಕೆಗೆ ಮೀರಿದುದು ಅಸಂಖ್ಯಾತ, ಕೊನೆಯೇ ಇಲ್ಲದುದು ಅನಂತ ಎಂದು ಅವರು ಪ್ರಮಾಣಗಳನ್ನು ವಿಂಗಡಿಸಿದ್ದರು. ಅಮೋಘವರ್ಷನು ಪಟ್ಟವೇರಿದ ಎರಡು ವರ್ಷಗಳಲ್ಲಿ, ಎಂದರೆ ೮೧೬ರಲ್ಲಿ ವೀರಸೇನಾಚಾರ್ಯರು ಮುಗಿಸಿದ ಧವಲಾ ಎಂಬ ವ್ಯಾಖ್ಯಾನದಲ್ಲಿಯೂ ಗಣಿತದ ವಿಚಾರಗಳು ಹೇರಳವಾಗಿವೆ. ಇಂತಹ ವಾತಾವರಣದಲ್ಲಿ ಬೆಳೆದ ಮಹಾವೀರಾಚಾರ್ಯರಿಗೆ ಸಂಖ್ಯೆಯು ಕೇವಲ ವ್ಯಾಪಾರದ ಉಪಕರಣವಾಗಿರಲಿಲ್ಲ. ಅದು ವಿಸ್ಮಯಪಡಬೇಕಾದ ವಸ್ತುವಾಗಿತ್ತು.

ಅವರಿಗಿಂತ ಮುಂಚೆ ಭಾರತದಲ್ಲಿ ಗಣಿತವು ಬಹುಮಟ್ಟಿಗೆ ಜ್ಯೋತಿಶ್ಶಾಸ್ತ್ರದ ಆಶ್ರಯದಲ್ಲಿತ್ತು. ೪೯೯ರ ಸುಮಾರಿಗೆ ಆರ್ಯಭಟನು ರಚಿಸಿದ ಆರ್ಯಭಟೀಯದಲ್ಲಿ ಗಣಿತಕ್ಕೆ ಮೀಸಲಾದುದು ಒಂದು ಭಾಗ ಮಾತ್ರ. ೬೨೮ರಲ್ಲಿ ಬ್ರಹ್ಮಗುಪ್ತನು ಬರೆದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿಯೂ ಗಣಿತವು ಗ್ರಹಗತಿಯ ವಿಚಾರಗಳ ನಡುವೆ ಬರುತ್ತದೆ. ಮಹಾವೀರಾಚಾರ್ಯರು ಗ್ರಹನಕ್ಷತ್ರಗಳ ವಿಚಾರವನ್ನು ಬದಿಗಿರಿಸಿ, ಆದಿಯಿಂದ ಅಂತ್ಯದವರೆಗೆ ಗಣಿತವನ್ನೇ ಕುರಿತು ಸಾವಿರದ ನೂರಕ್ಕೂ ಹೆಚ್ಚು ಶ್ಲೋಕಗಳ ಸಂಸ್ಕೃತ ಗ್ರಂಥವನ್ನು ರಚಿಸಿದರು. ಅದರಲ್ಲಿ ಸಂಜ್ಞೆ, ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕ, ಮಿಶ್ರಕ, ಕ್ಷೇತ್ರಗಣಿತ, ಖಾತ, ಛಾಯೆ ಎಂಬ ಒಂಬತ್ತು ಅಧ್ಯಾಯಗಳಿವೆ. ಅಡುಗೆ, ವೈದ್ಯ, ಸಂಗೀತ, ನಾಟಕ, ವಾಸ್ತು, ಛಂದಸ್ಸು, ವ್ಯಾಕರಣ ಮೊದಲಾದ ಎಲ್ಲ ವಿದ್ಯೆಗಳಿಗೂ ಗಣಿತವು ಬೇಕೆಂದು ಅವರು ಆರಂಭದಲ್ಲಿಯೇ ಸಾರಿದ್ದಾರೆ.

ಮೊದಲನೆಯ ಅಧ್ಯಾಯದಲ್ಲಿ ಆಚಾರ್ಯರು ಸಂಖ್ಯಾಸ್ಥಾನಗಳಿಗೆ ಹೆಸರುಗಳನ್ನು ಕೊಟ್ಟಿದ್ದಾರೆ. ಏಕ, ದಶ, ಶತ, ಸಹಸ್ರ, ದಶಸಹಸ್ರ, ಲಕ್ಷ, ದಶಲಕ್ಷ, ಕೋಟಿ, ದಶಕೋಟಿ, ಶತಕೋಟಿ, ಅರ್ಬುದ, ನ್ಯರ್ಬುದ, ಖರ್ವ, ಮಹಾಖರ್ವ, ಪದ್ಮ, ಮಹಾಪದ್ಮ, ಕ್ಷೋಣಿ, ಮಹಾಕ್ಷೋಣಿ, ಶಂಖ, ಮಹಾಶಂಖ, ಕ್ಷಿತಿ, ಮಹಾಕ್ಷಿತಿ, ಕ್ಷೋಭ, ಮಹಾಕ್ಷೋಭ ಎಂಬವೇ ಆ ಇಪ್ಪತ್ತನಾಲ್ಕು ಸ್ಥಾನಗಳು. ಪ್ರತಿಯೊಂದು ಸ್ಥಾನವೂ ಹಿಂದಿನದರ ಹತ್ತರಷ್ಟು. ಕೊನೆಯದಾದ ಮಹಾಕ್ಷೋಭವೆಂದರೆ ಒಂದರ ಮುಂದೆ ಇಪ್ಪತ್ತಮೂರು ಸೊನ್ನೆಗಳನ್ನಿಟ್ಟ ಸಂಖ್ಯೆ. ಹೆಸರಿಲ್ಲದ ವಸ್ತುವನ್ನು ಮನಸ್ಸು ಹಿಡಿಯಲಾರದು. ದೊಡ್ಡ ಸಂಖ್ಯೆಗಳಿಗೆ ಹೆಸರು ಕೊಟ್ಟದ್ದರಿಂದ ಅವುಗಳೊಡನೆ ವ್ಯವಹರಿಸುವ ಧೈರ್ಯವೂ ಓದುಗನಿಗೆ ಬಂದಿತು.

ಎರಡನೆಯ ಅಧ್ಯಾಯದಲ್ಲಿ ಗುಣಾಕಾರವನ್ನು ಕಲಿಸುವಾಗ ಅವರು ಕೆಲವು ವಿಶೇಷವಾದ ಉದಾಹರಣೆಗಳನ್ನು ಕೊಟ್ಟಿದ್ದಾರೆ. ಅವುಗಳ ಗುಣಲಬ್ಧವು ಎರಡೂ ಕಡೆಯಿಂದ ಒಂದೇ ರೀತಿಯಲ್ಲಿ ಓದಿಕೊಳ್ಳುವ ಸಂಖ್ಯೆಯಾಗುತ್ತದೆ. ಮಣಿಗಳನ್ನು ಸಮನಾಗಿ ಪೋಣಿಸಿದ ಹಾರದಂತೆ ಕಾಣುವ ಇಂತಹ ಸಂಖ್ಯೆಯನ್ನು ಅವರು ಕಂಠಾಭರಣಕ್ಕೆ, ರಾಜನ ಕೊರಳಿನ ಹಾರಕ್ಕೆ ಹೋಲಿಸುತ್ತಾರೆ. ೧೩೯ನ್ನು ೧೦೯ರಿಂದ ಗುಣಿಸಿದರೆ ೧೫೧೫೧ ಬರುತ್ತದೆ. ೧೫೨೨೦೭ನ್ನು ೭೩ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು, ಎಂದರೆ ೧೧೧೧೧೧೧೧ ಬರುತ್ತದೆ. ಎಂಟನ್ನು ಬಿಟ್ಟು ಒಂದರಿಂದ ಒಂಬತ್ತರವರೆಗೆ ಅಂಕಗಳನ್ನು ಬರೆದರೆ ೧೨೩೪೫೬೭೯ ಆಗುತ್ತದೆ. ಅದನ್ನು ಒಂಬತ್ತರಿಂದ ಗುಣಿಸಿದಾಗ ಒಂಬತ್ತು ಒಂದುಗಳು ಸಾಲಾಗಿ ನಿಲ್ಲುತ್ತವೆ.

ಈ ಹಾರಗಳಲ್ಲೆಲ್ಲ ಅತ್ಯಂತ ಸೊಗಸಾದುದು ಮೊದಲೇ ಹೇಳಿದ ೧೨೩೪೫೬೫೪೩೨೧. ಇಂದಿನ ರೂಢಿಯಂತೆ ಓದಿದರೆ ಅದು ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷದ, ಐವತ್ತನಾಲ್ಕು ಸಾವಿರದ, ಮುನ್ನೂರ ಇಪ್ಪತ್ತೊಂದು. ಹೀಗೆ ಓದುವಾಗ ಅದರ ಚೆಲುವು ಮರೆಯಾಗುತ್ತದೆ. ಆಚಾರ್ಯರ ಸ್ಥಾನನಾಮಗಳಿಂದ ಓದಿದರೆ ಅದು ಒಂದು ಅರ್ಬುದ, ಎರಡು ಶತಕೋಟಿ, ಮೂರು ದಶಕೋಟಿ, ನಾಲ್ಕು ಕೋಟಿ, ಐದು ದಶಲಕ್ಷ, ಆರು ಲಕ್ಷ, ಐದು ದಶಸಹಸ್ರ, ನಾಲ್ಕು ಸಹಸ್ರ, ಮೂರು ಶತ, ಎರಡು ದಶ, ಒಂದು ಏಕ ಎಂದಾಗುತ್ತದೆ. ಲಕ್ಷದ ಸ್ಥಾನವೇ ಶಿಖರ. ಅದರ ಎರಡು ಬದಿಗಳಲ್ಲಿಯೂ ಮೆಟ್ಟಿಲುಗಳು ಸಮನಾಗಿ ಇಳಿದಿವೆ.

ಅಂದಿನ ಗಣಿತಗ್ರಂಥಗಳು ಪದ್ಯರೂಪದಲ್ಲಿರುತ್ತಿದ್ದವು. ಪದ್ಯದಲ್ಲಿ ಸಂಖ್ಯೆಯನ್ನು ಹೇಳಲು ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಅಗ್ನಿಯೆಂದರೆ ಮೂರು, ಸಮುದ್ರವೆಂದರೆ ನಾಲ್ಕು, ಬಾಣವೆಂದರೆ ಐದು, ಋತುವೆಂದರೆ ಆರು ಎಂಬಂತೆ ಪದಗಳನ್ನು ಬಳಸುತ್ತಿದ್ದರು. ಈ ಪದಗಳನ್ನು ಏಕಸ್ಥಾನದಿಂದ ಆರಂಭಿಸಿ ಎಡಕ್ಕೆ ಬರೆದುಕೊಂಡು ಹೋಗಬೇಕಾಗಿತ್ತು. ಕ್ರಮ ತಪ್ಪಿದರೆ ಸಂಖ್ಯೆಯೇ ಬದಲಾಗುತ್ತಿತ್ತು. ಹಾರದಂತಹ ಸಂಖ್ಯೆಗೆ ಮಾತ್ರ ಆ ಭಯವಿಲ್ಲ. ಅದನ್ನು ಯಾವ ಕಡೆಯಿಂದ ಬರೆದರೂ ಅದು ತನ್ನ ರೂಪವನ್ನು ಬಿಟ್ಟುಕೊಡುವುದಿಲ್ಲ. ಮೇಲಿನ ಸಂಖ್ಯೆಯ ಒಂದೊಂದು ಅಂಕವನ್ನೂ ಹೆಸರಿಸದೆ, ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವುದು ಎಂಬಷ್ಟರಿಂದಲೇ ಆಚಾರ್ಯರು ಅದನ್ನು ಪೂರ್ಣವಾಗಿ ತಿಳಿಸಿಬಿಟ್ಟಿದ್ದಾರೆ.

ಈ ಸಂಖ್ಯೆಯನ್ನು ಪಡೆಯಲು ಅವರು ಹೇಳಿದ ಲೆಕ್ಕವು ೨೭೯೯೪೬೮೧ನ್ನು ೪೪೧ರಿಂದ ಗುಣಿಸುವುದು. ಇವೆರಡನ್ನೂ ನೋಡಿದವರಿಗೆ ಅವುಗಳಲ್ಲಿ ಯಾವ ಸೊಬಗೂ ಕಾಣುವುದಿಲ್ಲ. ಆದರೆ ಅವುಗಳ ಒಳಗನ್ನು ಬಿಡಿಸಿ ನೋಡಿದರೆ ಗುಟ್ಟು ಬಯಲಾಗುತ್ತದೆ. ೪೪೧ ಎಂಬುದು ೨೧ರ ವರ್ಗ. ೨೭೯೯೪೬೮೧ ಎಂಬುದು ೫೨೯೧ರ ವರ್ಗ. ೫೨೯೧ನ್ನು ೨೧ರಿಂದ ಗುಣಿಸಿದರೆ ಆರು ಒಂದುಗಳ ಸಂಖ್ಯೆಯಾದ ೧೧೧೧೧೧ ಬರುತ್ತದೆ. ಆದ್ದರಿಂದ ಎರಡು ವರ್ಗಗಳ ಗುಣಲಬ್ಧವು ೧೧೧೧೧೧ರ ವರ್ಗವೇ ಆಗಬೇಕು. ಅದೇ ೧೨೩೪೫೬೫೪೩೨೧.

ಹಾಗಾದರೆ ಆರು ಒಂದುಗಳ ವರ್ಗವು ಹೀಗೆ ಏರಿ ಇಳಿಯುವುದೇಕೆ? ಗುಣಾಕಾರವನ್ನು ಹಾಳೆಯ ಮೇಲೆ ಮಾಡಿ ನೋಡಿದರೆ ಕಾರಣ ತಿಳಿಯುತ್ತದೆ. ೧೧೧೧೧೧ನ್ನು ಅದರಿಂದಲೇ ಗುಣಿಸುವಾಗ ಆರು ಒಂದುಗಳ ಆರು ಸಾಲುಗಳು ಬರುತ್ತವೆ. ಪ್ರತಿಯೊಂದು ಸಾಲೂ ಹಿಂದಿನದಕ್ಕಿಂತ ಒಂದು ಸ್ಥಾನ ಎಡಕ್ಕೆ ಸರಿದಿರುತ್ತದೆ. ಬಲತುದಿಯ ಕಂಬದಲ್ಲಿ ಒಂದೇ ಒಂದು ಇರುತ್ತದೆ. ಅದರ ಪಕ್ಕದಲ್ಲಿ ಎರಡು, ಅನಂತರ ಮೂರು, ಹೀಗೆ ನಡುವಿನ ಕಂಬದಲ್ಲಿ ಆರು ಒಂದುಗಳು ಸೇರುತ್ತವೆ. ಅಲ್ಲಿಂದ ಎಡಕ್ಕೆ ಮತ್ತೆ ಒಂದೊಂದಾಗಿ ಕಡಿಮೆಯಾಗುತ್ತವೆ. ಯಾವ ಕಂಬದ ಮೊತ್ತವೂ ಹತ್ತನ್ನು ಮುಟ್ಟದಿರುವುದರಿಂದ ದಶಕ ಒಯ್ಯುವ ಪ್ರಮೇಯವೇ ಬರುವುದಿಲ್ಲ.

ಇದೇ ನಿಯಮದಿಂದ ೧೧ರ ವರ್ಗವು ೧೨೧, ೧೧೧ರ ವರ್ಗವು ೧೨೩೨೧, ೧೧೧೧ರ ವರ್ಗವು ೧೨೩೪೩೨೧ ಆಗುತ್ತದೆ. ಒಂಬತ್ತು ಒಂದುಗಳವರೆಗೆ ಈ ಕ್ರಮವು ನಡೆದು ೧೨೩೪೫೬೭೮೯೮೭೬೫೪೩೨೧ ಎಂಬ ಸಂಖ್ಯೆ ದೊರೆಯುತ್ತದೆ. ಹತ್ತು ಒಂದುಗಳನ್ನು ತೆಗೆದುಕೊಂಡರೆ ನಡುವಿನ ಕಂಬದ ಮೊತ್ತ ಹತ್ತಾಗಿ, ದಶಕವು ಪಕ್ಕಕ್ಕೆ ಸಾಗಿ ಹಾರವು ಹರಿದುಹೋಗುತ್ತದೆ. ಆಗ ಬರುವ ವರ್ಗವು ೧೨೩೪೫೬೭೯೦೦೯೮೭೬೫೪೩೨೧. ಇದನ್ನು ಎರಡೂ ಕಡೆಯಿಂದ ಒಂದೇ ರೀತಿಯಲ್ಲಿ ಓದಲಾಗದು. ಸೊಬಗಿಗೂ ಒಂದು ಮೇರೆಯಿದೆ. ಆ ಮೇರೆಯೂ ನಿಯಮದಿಂದಲೇ ಬರುತ್ತದೆ.

ಈ ಸಂಖ್ಯೆಯ ಗುಣಗಳು ಇಲ್ಲಿಗೇ ಮುಗಿಯುವುದಿಲ್ಲ. ಅದರ ಅಂಕಗಳನ್ನೆಲ್ಲ ಕೂಡಿದರೆ ೩೬ ಬರುತ್ತದೆ. ಅದು ಶಿಖರದಲ್ಲಿರುವ ಆರರ ವರ್ಗ. ೧೧೧೧೧೧ ಎಂಬುದು ೩, ೭, ೧೧, ೧೩, ೩೭ ಎಂಬ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಆದ್ದರಿಂದ ಅದರ ವರ್ಗದಲ್ಲಿ ಈ ಐದರಲ್ಲಿ ಪ್ರತಿಯೊಂದೂ ಎರಡೆರಡು ಸಲ ಅಪವರ್ತನವಾಗಿ ನಿಂತಿದೆ. ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ಇಲ್ಲವೆ ಎರಡು ಸಲ ತೆಗೆದುಕೊಳ್ಳಬಹುದು. ಹೀಗೆ ಮೂರನ್ನು ಐದು ಸಲ ಗುಣಿಸಿದಾಗ ಬರುವ ೨೪೩ ಸಂಖ್ಯೆಗಳು ಅದನ್ನು ಶೇಷವಿಲ್ಲದೆ ಭಾಗಿಸುತ್ತವೆ. ಈ ಎಲ್ಲ ಭಾಜಕಗಳ ನಡುವಿನಿಂದ ಆಚಾರ್ಯರು ಎರಡು ವರ್ಗಸಂಖ್ಯೆಗಳನ್ನೇ ಆರಿಸಿ ಉದಾಹರಣೆಯಾಗಿ ಕೊಟ್ಟರು. ಹಾರವನ್ನು ಮೊದಲು ಮನಸ್ಸಿನಲ್ಲಿ ಕಲ್ಪಿಸಿ, ಅನಂತರ ಅದನ್ನು ಭಾಗಿಸಿ ಲೆಕ್ಕವನ್ನು ರಚಿಸಿರಬೇಕೆಂದು ಊಹಿಸಬಹುದು.

ಇನ್ನೊಂದು ಉದಾಹರಣೆಯಲ್ಲಿ ೧೪೨೮೫೭೧೪೩ನ್ನು ಏಳರಿಂದ ಗುಣಿಸಬೇಕು. ಆಗ ಎರಡು ತುದಿಗಳಲ್ಲಿ ಒಂದು, ನಡುವೆ ಎಂಟು ಸೊನ್ನೆಗಳಿರುವ ೧೦೦೦೦೦೦೦೦೧ ದೊರೆಯುತ್ತದೆ. ಮತ್ತೊಂದರಲ್ಲಿ ಮೂರನ್ನು ಆರು ಸಲ, ಆರನ್ನು ಐದು ಸಲ, ಕೊನೆಗೆ ಏಳನ್ನು ಒಂದು ಸಲ ಬರೆಯಬೇಕು. ಹೀಗೆ ಬಂದ ೩೩೩೩೩೩೬೬೬೬೬೭ನ್ನು ೩೩ರಿಂದ ಗುಣಿಸಿದರೆ ೧೧೦೦೦೦೧೧೦೦೦೦೧೧ ಎಂಬ ಹಾರವಾಗುತ್ತದೆ. ಸೊನ್ನೆಯು ಬೆಲೆಯಿಲ್ಲದ್ದೆಂದು ತಿಳಿದವರಿಗೆ ಇದು ಒಳ್ಳೆಯ ಪಾಠ. ಇಲ್ಲಿ ಸೊನ್ನೆಗಳೇ ಮಣಿಗಳ ನಡುವಿನ ಅಂತರವನ್ನು ಕಾಯುತ್ತವೆ.

ಇವೆಲ್ಲ ಬರಿಯ ವಿನೋದವೆಂದು ತಿಳಿಯಬಾರದು. ದೊಡ್ಡ ಗುಣಾಕಾರವನ್ನು ಮಾಡುವ ವಿದ್ಯಾರ್ಥಿಗೆ ತನ್ನ ಉತ್ತರ ಸರಿಯೋ ತಪ್ಪೋ ಎಂಬ ಅನುಮಾನ ಸಹಜ. ಉತ್ತರವು ಹಾರದಂತಿರಬೇಕೆಂದು ತಿಳಿದಿದ್ದರೆ, ಒಂದು ಅಂಕ ತಪ್ಪಿದರೂ ಹಾರದಲ್ಲಿ ಮಣಿಯೊಂದು ಕೆಟ್ಟದ್ದು ಕಣ್ಣಿಗೆ ಬೀಳುತ್ತದೆ. ಗುರುವು ಹತ್ತಿರವಿಲ್ಲದಿದ್ದರೂ ಲೆಕ್ಕವೇ ಅವನನ್ನು ತಿದ್ದುತ್ತದೆ.

ಆಚಾರ್ಯರ ಲೆಕ್ಕಗಳಲ್ಲಿ ಜನಜೀವನದ ಚಿತ್ರಗಳೂ ಇವೆ. ಕಾಡಿನ ಅಂಚಿನಲ್ಲಿ ಬಾಳೆಹಣ್ಣಿನ ಅರವತ್ತಮೂರು ಸಮನಾದ ರಾಶಿಗಳಿವೆ. ಅವುಗಳ ಜೊತೆಗೆ ಬಿಡಿಯಾಗಿ ಏಳು ಹಣ್ಣುಗಳಿವೆ. ದಾರಿ ನಡೆದು ದಣಿದ ಇಪ್ಪತ್ತಮೂರು ಪ್ರಯಾಣಿಕರು ಅವೆಲ್ಲವನ್ನೂ ಶೇಷವಿಲ್ಲದಂತೆ ಸಮನಾಗಿ ಹಂಚಿಕೊಂಡರೆ ಒಂದು ರಾಶಿಯಲ್ಲಿದ್ದ ಹಣ್ಣುಗಳೆಷ್ಟು ಎಂಬುದು ಅವರ ಒಂದು ಪ್ರಶ್ನೆ. ರಾಶಿಯೊಂದಕ್ಕೆ ಐದರಂತೆ ಲೆಕ್ಕ ಹಾಕಿದರೆ ಒಟ್ಟು ೩೨೨ ಹಣ್ಣುಗಳಾಗಿ ಒಬ್ಬೊಬ್ಬರಿಗೆ ಹದಿನಾಲ್ಕು ಸಿಗುತ್ತವೆ. ಇದು ಅತ್ಯಂತ ಚಿಕ್ಕ ಉತ್ತರ. ಆರು ರಸಗಳನ್ನು ಬೆರೆಸಿ ಎಷ್ಟು ಬಗೆಯ ರುಚಿಗಳನ್ನು ಪಡೆಯಬಹುದೆಂಬ ಪ್ರಶ್ನೆಯೂ ಅವರ ಗ್ರಂಥದಲ್ಲಿದೆ. ಒಂದೊಂದನ್ನೇ ತೆಗೆದುಕೊಂಡದ್ದೂ ಸೇರಿ ಅದರ ಉತ್ತರ ೬೩. ಭಿನ್ನರಾಶಿಗಳನ್ನು ಕೂಡುವಾಗ ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ಕ್ರಮವನ್ನು ಅವರು ನಿರುದ್ಧವೆಂಬ ಹೆಸರಿನಿಂದ ಕಲಿಸಿದರು. ಋಣಸಂಖ್ಯೆಯು ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದೂ ಅವರು ಸ್ಪಷ್ಟವಾಗಿ ತಿಳಿಸಿದರು.

ಇಂತಹ ಸೂಕ್ಷ್ಮಬುದ್ಧಿಯವರೂ ಒಂದು ಕಡೆ ಎಡವಿದರು. ಯಾವ ಸಂಖ್ಯೆಯನ್ನಾದರೂ ಸೊನ್ನೆಯಿಂದ ಗುಣಿಸಿದರೆ ಸೊನ್ನೆಯೇ ಬರುವುದೆಂದು ಅವರು ಸರಿಯಾಗಿ ಹೇಳಿದರು. ಆದರೆ ಸೊನ್ನೆಯಿಂದ ಭಾಗಿಸಿದಾಗ ಸಂಖ್ಯೆಯು ಬದಲಾಗದೆ ಉಳಿಯುವುದೆಂದು ಬರೆದರು. ಹಂಚಿಕೊಳ್ಳಲು ಯಾರೂ ಇಲ್ಲದಿದ್ದರೆ ವಸ್ತು ಇದ್ದಂತೆಯೇ ಇರುವುದೆಂದು ಅವರು ಭಾವಿಸಿದ್ದಿರಬಹುದು. ಈ ಮಾತು ಒಪ್ಪತಕ್ಕದ್ದಲ್ಲ. ಹನ್ನೆರಡನೆಯ ಶತಮಾನದಲ್ಲಿ ಭಾಸ್ಕರಾಚಾರ್ಯನು ಇಂತಹ ಭಾಗಲಬ್ಧಕ್ಕೆ ಖಹರವೆಂದು ಹೆಸರಿಟ್ಟು, ಅದನ್ನು ಅನಂತವೆಂದು ಬಗೆದನು. ಸೊನ್ನೆಯಿಂದ ಭಾಗಿಸುವ ಕ್ರಿಯೆಗೆ ಸಾಮಾನ್ಯ ಸಂಖ್ಯೆಗಳಲ್ಲಿ ಅರ್ಥವೇ ಇಲ್ಲವೆಂಬುದು ಆಧುನಿಕ ಗಣಿತದ ನಿರ್ಣಯ. ಗಣಿತದಲ್ಲಿ ಹೇಳಿದವರ ಹಿರಿಮೆಯು ಮಾತನ್ನು ನಿಜವಾಗಿಸುವುದಿಲ್ಲ. ಆಚಾರ್ಯರ ತಪ್ಪನ್ನು ಮುಂದಿನವರು ಕೈಬಿಟ್ಟರು. ಅವರ ಹಾರಗಳನ್ನು ಉಳಿಸಿಕೊಂಡರು. ಎರಡಕ್ಕೂ ಪರೀಕ್ಷೆಯೇ ಕಾರಣ.

ಗಣಿತಸಾರಸಂಗ್ರಹವು ದಕ್ಷಿಣ ಭಾರತದಲ್ಲಿ ಬಹುಕಾಲ ಪಠ್ಯವಾಗಿ ಬಾಳಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಅದನ್ನು ತೆಲುಗಿಗೆ ತಂದನು. ವಲ್ಲಭನೆಂಬುವನು ಕನ್ನಡದಲ್ಲಿ ಟೀಕೆಯನ್ನು ಬರೆದನು. ಹನ್ನೆರಡನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ರಚಿಸಿ, ಗಣಿತವನ್ನು ನಾಡನುಡಿಯಲ್ಲಿ ಹೇಳಬಹುದೆಂದು ತೋರಿಸಿಕೊಟ್ಟನು.

ಕಾಲ ಉರುಳಿದಂತೆ ಆಚಾರ್ಯರ ಗ್ರಂಥವು ತಾಳೆಗರಿಗಳ ಕಟ್ಟುಗಳಲ್ಲಿ ಅಡಗಿತು. ಲಿಪಿಕಾರರು ಹಳೆಯ ಗರಿಗಳನ್ನು ನೋಡಿ ಹೊಸ ಗರಿಗಳಿಗೆ ಅದನ್ನು ಇಳಿಸಿಕೊಂಡು ಬಂದರು. ಅವುಗಳಲ್ಲಿ ಕನ್ನಡ ಲಿಪಿಯ ಪ್ರತಿಗಳೂ ಇದ್ದವು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಈ ಹಸ್ತಪ್ರತಿಗಳನ್ನು ಒಟ್ಟುಗೂಡಿಸಿ, ಪರಸ್ಪರ ಹೋಲಿಸಿ ನೋಡಿ, ಮೂಲವನ್ನು ಶುದ್ಧಪಡಿಸಿದರು. ಅವರ ಇಂಗ್ಲಿಷ್ ಅನುವಾದದೊಡನೆ ಗ್ರಂಥವು ೧೯೧೨ರಲ್ಲಿ ಮದರಾಸು ಸರ್ಕಾರದಿಂದ ಪ್ರಕಟವಾಯಿತು. ಅಮೆರಿಕದ ಗಣಿತ ಇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಅವರು ಅದಕ್ಕೆ ಪೀಠಿಕೆ ಬರೆದರು. ಸುಮಾರು ಸಾವಿರದ ಅರವತ್ತು ವರ್ಷಗಳ ಹಿಂದಿನ ಗ್ರಂಥವು ಹೀಗೆ ಲೋಕದ ಗಣಿತಜ್ಞರ ಕೈಸೇರಿತು. ೨೦೦೦ದಲ್ಲಿ ಹೊಂಬುಜದ ಗ್ರಂಥಮಾಲೆಯೊಂದರಿಂದ ಅದರ ಕನ್ನಡ ಅನುವಾದವೂ ಹೊರಬಂದಿತು.

ಇಷ್ಟರಲ್ಲಿ ಆಚಾರ್ಯರು ಹೊಗಳಿದ್ದ ಸಾಮ್ರಾಜ್ಯವು ಎಂದೋ ಅಳಿದುಹೋಗಿತ್ತು. ೯೭೨ರಲ್ಲಿ ಪರಮಾರ ದೊರೆ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಮರುವರ್ಷ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿದನು. ನೊಳಂಬರ ಮೂವತ್ತೆರಡು ಸಾಸಿರದ ನಾಡು ಈಗ ಶಾಸನಗಳಲ್ಲಿ ಮಾತ್ರ ಉಳಿದಿದೆ. ರಾಜರ ಕೊರಳಲ್ಲಿ ಮೆರೆದ ಮುತ್ತಿನ ಹಾರಗಳು ಎಲ್ಲಿ ಹೋದವೆಂದು ಯಾರೂ ಬಲ್ಲವರಿಲ್ಲ. ಆಚಾರ್ಯರು ಪೋಣಿಸಿದ ಸಂಖ್ಯೆಗಳ ಹಾರದಲ್ಲಿ ಮಾತ್ರ ಒಂದು ಮಣಿಯೂ ಸವೆದಿಲ್ಲ.

ಬ್ರಹ್ಮಗಿರಿಯ ಶಾಸನವನ್ನು ಓದಲು ಹಳೆಯ ಲಿಪಿಯನ್ನು ಬಲ್ಲ ವಿದ್ವಾಂಸರೇ ಬೇಕು. ಮಹಾವೀರಾಚಾರ್ಯರ ಲೆಕ್ಕವನ್ನು ಪರೀಕ್ಷಿಸಲು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಯಾವ ಶಾಲೆಯ ವಿದ್ಯಾರ್ಥಿಗಾದರೂ ಒಂದು ಹಾಳೆ, ಒಂದು ಸೀಸದಕಡ್ಡಿ ಇದ್ದರೆ ಸಾಕು. ೨೭೯೯೪೬೮೧ನ್ನು ೨೧ರಿಂದ ಗುಣಿಸಿದರೆ ೫೮೭೮೮೮೩೦೧ ಬರುತ್ತದೆ. ಅದನ್ನು ಮತ್ತೊಮ್ಮೆ ೨೧ರಿಂದ ಗುಣಿಸಿ, ದಶಕಗಳನ್ನು ತಪ್ಪದೆ ಒಯ್ದು ಕೂಡಿದಾಗ, ಅಂದು ಆಚಾರ್ಯರ ಮುಂದೆ ಮೂಡಿದ ಹಾರವೇ ಅವನ ಹಾಳೆಯ ಮೇಲೂ ಮೂಡುತ್ತದೆ. ಊರು, ಮನೆ, ತಾಯಿತಂದೆಯರ ಹೆ‌ಸರನ್ನು ಹೇಳಿಕೊಳ್ಳದೆ ಹೋದ ಗುರುವೊಬ್ಬರು ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಬಳಿಕವೂ ಶಿಷ್ಯನ ಲೆಕ್ಕವನ್ನು ತಿದ್ದುತ್ತಿದ್ದಾರೆ.